ಬೆನ್ನಿಗೆ ಬಿದ್ದವರು

ನನ್ನ ಬೆನ್ನಿಗೆ ಮೂರು ಮಕ್ಕಳು ಹುಟ್ಟಿದರು. ಮೂರೂ ಉಳಿಯಲಿಲ್ಲ. ಮೊದಲನೆಯದು ಹೋದಾಗ ನನಗೆ ನೆನಪು ನಿಲ್ಲುವ ವಯಸ್ಸಲ್ಲ. ಎರಡನೆಯದರ ಮುಖ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೂರನೆಯದನ್ನು ನನಗೆ ತೋರಿಸಲೇ ಇಲ್ಲ.

ಆ ಕಾಲದ ಮಂಗಳೂರಿನಲ್ಲಿ ಎಳೆಮಕ್ಕಳು ಸಾಯುವುದು ಹೊಸತೇನಲ್ಲ. ಒಂದಾದರೂ ಮಗುವನ್ನು ಮಣ್ಣು ಮಾಡದ ಮನೆಯನ್ನು ನಮ್ಮ ಓಣಿಯಲ್ಲಿ ಹುಡುಕಬೇಕಿತ್ತು. ಹಾಗಾಗಿ ಸಾವಿನ ಮೇಲೆ ನನಗೆ ಅಂಥ ಸಿಟ್ಟಿಲ್ಲ. ಸಾವಾದ ಮನೆಗೆ ಬಂದು, ಚಾವಡಿಯಲ್ಲಿ ಕಾಲು ನೀಡಿ ಕೂತು, ಮಗು ಯಾಕೆ ಸತ್ತಿತೆಂದು ವಿವರಿಸಿ ಎದ್ದುಹೋದವರ ಮೇಲೆ ನನಗೆ ಸಿಟ್ಟು. ಅವರು ಯಾರೂ ಈಗ ಬದುಕಿಲ್ಲ. ನನಗೆ ವಯಸ್ಸಾದರೆ ಸಿಟ್ಟು ಇಳಿಯುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ವಯಸ್ಸಾಯಿತು. ಇಳಿದಿಲ್ಲ.

ನಾವು ಅತ್ತಾವರದ ಒಂದು ಓಣಿಯಲ್ಲಿ ಬಾಡಿಗೆಗೆ ಇದ್ದೆವು. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ರೈಟರು, ಅಂದರೆ ಗುಮಾಸ್ತ. ಅಮ್ಮ ವಾಮಂಜೂರಿನ ಬೇಸಾಯದ ಮನೆಯಿಂದ ಬಂದವಳು. ನಮ್ಮ ಮನೆಮಾತು ತುಳು. ಇಲ್ಲಿ ಬರುವ ಮಾತುಕತೆಯೆಲ್ಲ ನಡೆದದ್ದು ಹೆಚ್ಚಾಗಿ ತುಳುವಿನಲ್ಲೇ. ಅಮ್ಮ ಒಳ್ಳೆಯವಳು ಎಂದು ನಾನು ಹೇಳಿದರೆ ಮಗಳ ಮಾತು ಎಂದಾಗುತ್ತದೆ. ಆದರೆ ಹೆರಿಗೆಯಾದ ಮನೆಯಲ್ಲಿ ನೀರು ಕಾಯಿಸಲು, ಜ್ವರ ಏರಿದವರ ಹಣೆಗೆ ಒದ್ದೆ ಬಟ್ಟೆ ಹಾಕಲು, ಹೆಣ ಎತ್ತಿದ ಮನೆಗೆ ಗಂಜಿ ಕೊಂಡುಹೋಗಲು ಓಣಿಯವರು ಮೊದಲು ಕರೆಯುತ್ತಿದ್ದುದು ಅವಳನ್ನೇ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಹೊರಟುಬಿಡುತ್ತಿದ್ದಳು.

ನಮ್ಮ ಮನೆಗೆ ಇಬ್ಬರು ಭಕ್ತರ ಬಳಕೆಯಿತ್ತು. ಒಬ್ಬರು ಅಪ್ಪನ ಗೆಳೆಯರು, ಶಾಲೆಯಿಂದ ನಿವೃತ್ತರಾದ ಮಾಷ್ಟ್ರು. ಓಣಿಯ ತುದಿಯ ಮಂದಿರದಲ್ಲಿ ಶನಿವಾರದ ಭಜನೆಗೆ ಅವರೇ ಮುಂದಾಳು. ಅಪ್ಪ ಅವರ ಪಕ್ಕ ಕೂತು ತಾಳ ಹಾಕುತ್ತಿದ್ದರು. ಪಂಚಾಂಗ ನೋಡಿ ಹೇಳುವುದೂ ಅವರಿಗೆ ಗೊತ್ತಿತ್ತು. ಇನ್ನೊಬ್ಬರು ಅಮ್ಮನ ಗೆಳತಿ. ತಪ್ಪದೆ ಏಕಾದಶಿ ಹಿಡಿಯುತ್ತಿದ್ದುದರಿಂದ ನಮಗೆಲ್ಲ ಅವರು ಏಕಾದಶಿಯಕ್ಕ. ಇಬ್ಬರೂ ಕೆಟ್ಟವರಲ್ಲ. ಅಪ್ಪನಿಗೆ ಟೈಫಾಯ್ಡ್ ಬಂದಾಗ ಮಾಷ್ಟ್ರು ದಿನವೂ ಡಾಕ್ಟರರ ಹತ್ತಿರ ಹೋಗಿ ಔಷಧಿ ತಂದುಕೊಟ್ಟವರು. ಏಕಾದಶಿಯಕ್ಕ ನನಗೆ ತಲೆ ಬಾಚಿ ಅಬ್ಬಲಿಗೆ ಮುಡಿಸಿದವರು. ಹೊರಗಿನವರು ಏನಾದರೂ ಅಂದಿದ್ದರೆ ನಾವು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಇವರು ನಮ್ಮವರು. ಅದಕ್ಕೇ ಇವರ ಮಾತು ನಮ್ಮ ಮನೆಯ ಅಷ್ಟು ಒಳಗೆ ಹೋಗಿ ಕೂತಿತು.

ಎರಡನೆಯ ಮಗು ಹುಟ್ಟಿದಾಗ ನಾನು ಆಗಷ್ಟೇ ಶಾಲೆಗೆ ಸೇರಿದ್ದೆ. ಗಂಡು. ಮನೆಯಲ್ಲೇ ಹೆರಿಗೆ. ಸೂಲಗಿತ್ತಿ ಮಗುವನ್ನು ಎಣ್ಣೆ ಹಚ್ಚಿ ಮೀಯಿಸಿ ನನ್ನ ಮಡಿಲಲ್ಲಿ ಒಂದು ಗಳಿಗೆ ಇಟ್ಟಿದ್ದಳು. ಮರುದಿನ ಮಗು ಹಳದಿಯಾಯಿತು. ಮೊದಲು ಮುಖ, ಆಮೇಲೆ ಹೊಟ್ಟೆ, ಕೊನೆಗೆ ಅಂಗಾಲು. ಕಣ್ಣಿನ ಬಿಳಿ ಕೂಡ ಅರಸಿನದ ನೀರಿನ ಹಾಗೆ. ಬೆಳಗ್ಗಿನ ಎಳೆಬಿಸಿಲಿಗೆ ಅಂಗಳದಲ್ಲಿ ಹಿಡಿದರು. ಕಾಮಾಲೆಗೆಂದು ಬೇರು ತೇದು ತಂದರು. ಮಗು ಹಾಲು ಎಳೆಯುವುದನ್ನು ಬಿಟ್ಟಿತು. ಆಮೇಲೆ ಬೆನ್ನನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಗ್ಗಿಸಿ ಒಂದು ಸಣ್ಣ ಸ್ವರದಲ್ಲಿ ಅಳತೊಡಗಿತು. ಆ ಸ್ವರ ನಿಂತಾಗ ಅಮ್ಮ ಮಗುವನ್ನು ಯಾರ ಕೈಗೂ ಕೊಡಲಿಲ್ಲ. ಅಪ್ಪ ಬಹಳ ಹೊತ್ತು ಎದುರು ಕೂತು ಬೇಡಬೇಕಾಯಿತು.

ಮಾಷ್ಟ್ರು ಬಂದರು. "ಚಿನ್ನವನ್ನು ಬೆಂಕಿಗೆ ಹಾಕ್ತಾರೆ, ಕಲ್ಲನ್ನು ಯಾರಾದ್ರೂ ಹಾಕ್ತಾರಾ? ದೇವರು ತನಗೆ ಬೇಕಾದವರಿಗೇ ಕಷ್ಟ ಕೊಡುವುದು," ಎಂದರು. ಅಪ್ಪ ತಲೆಯಾಡಿಸಿದರು. ಅದೇ ಬಾಯಿಯಲ್ಲಿ ಮತ್ತೆ, "ಹಿಂದಿನ ಜನ್ಮದಲ್ಲಿ ಎಂತ ಮಾಡಿದ್ದೇವೋ ನಮಗೆ ಗೊತ್ತುಂಟಾ? ಋಣ ಇದ್ದದ್ದು ಅಷ್ಟೇ. ತೀರಿತು, ಹೋಯಿತು," ಎಂದರು. ಮೊದಲ ಮಾತಿನ ಪ್ರಕಾರ ಅಮ್ಮ ದೇವರಿಗೆ ಬೇಕಾದವಳು. ಎರಡನೆಯದರ ಪ್ರಕಾರ ಪಾಪಿ. ಒಂದೇ ಕುರ್ಚಿಯಲ್ಲಿ ಕೂತು, ನಡುವೆ ಮೂಗಿಗೆ ಒಂದು ಚಿಟಿಕೆ ನಶ್ಯ ಏರಿಸಿಕೊಂಡು, ಎರಡನ್ನೂ ಹೇಳಿ ಮುಗಿಸಿದರು.

ಆ ದಿನಗಳಲ್ಲೇ ಪಕ್ಕದ ಮನೆಯಲ್ಲೂ ಹೆರಿಗೆಯಾಗಿತ್ತು. ಅದು ಬ್ಯಾರಿ ಮುಸ್ಲಿಮರ ಮನೆ. ಗಂಡ ಬಂದರಿನಲ್ಲಿ ಅಕ್ಕಿ ವ್ಯಾಪಾರಿ. ನಮಗೂ ಅವರಿಗೂ ನಡುವೆ ಮೊಣಕಾಲೆತ್ತರದ ಮುರಕಲ್ಲಿನ ಪಾಗಾರದ ಗೋಡೆ, ಎರಡೂ ಮನೆಗೆ ಒಂದೇ ಬಾವಿ. ಬಾಣಂತಿಗೆ ಜ್ವರ ಏರಿ ಎದೆಯಲ್ಲಿ ಹಾಲು ಬತ್ತಿತ್ತು. ಹಸುಗೂಸು ಇಡೀ ಮಧ್ಯಾಹ್ನ ಕಿರುಚುತ್ತಿತ್ತು. ಇಲ್ಲಿ ಅಮ್ಮನ ರವಿಕೆ ಹಾಲಿನಿಂದ ಒದ್ದೆ. ಕುಡಿಯುವ ಬಾಯಿ ಮಣ್ಣಿನಲ್ಲಿ. ಅಮ್ಮ ಎದ್ದಳು, ಪಾಗಾರ ದಾಟಿದಳು, ಆ ಮಗುವನ್ನು ಎತ್ತಿ ಎದೆಗೆ ಹಾಕಿಕೊಂಡಳು. ತಾಯಿಗೆ ಗುಣವಾಗುವವರೆಗೆ ದಿನವೂ ಹೋಗಿ ಹಾಲೂಡಿದಳು. ಅವರಲ್ಲಿ ಹಾಲು ಕೊಟ್ಟವಳು ತಾಯಿಯ ಸಮ. ಆ ಹುಡುಗ ದೊಡ್ಡವನಾಗಿ ದುಡಿಯಲು ಕೊಲ್ಲಿ ದೇಶಕ್ಕೆ ಹೋಗುವವರೆಗೂ ಪೆರ್ನಾಳ್ ಹಬ್ಬದ ದಿನ ಮೊದಲು ಬರುತ್ತಿದ್ದುದು ನಮ್ಮ ಮನೆಗೆ.

ಏಕಾದಶಿಯಕ್ಕನಿಗೆ ಅದು ಸರಿಬರಲಿಲ್ಲ. "ನಿನ್ನದು ಒಳ್ಳೆ ಮನಸ್ಸು ಮಾರಾಯ್ತಿ, ಇಲ್ಲ ಅಂತ ಹೇಳುವುದಿಲ್ಲ. ಆದ್ರೆ ಸ್ವಂತ ಮಗುವಿನ ಪಾಲಿನ ಹಾಲು ಜಾತಿಯಲ್ಲದವರಿಗೆ ಕೊಟ್ರೆ ಮನೆಯ ದೈವ ಸುಮ್ಮನಿರ್ತದಾ?" ಎಂದರು. ಅಮ್ಮ ಬಾವಿಯಿಂದ ಕೊಡ ಎತ್ತುತ್ತಿದ್ದಳು. ಅವಳು ಆಗ ಇನ್ನೂ ಯಾರಿಗೂ ಉತ್ತರ ಹೇಳುತ್ತಿರಲಿಲ್ಲ.

ಮೂರು ವರ್ಷದ ನಂತರ ಅಮ್ಮ ಮತ್ತೆ ಬಸುರಿಯಾದಳು. ಮಾಷ್ಟ್ರು ಒಂದು ಸಂಜೆ ನನ್ನ ಜಾತಕ ಕೇಳಿ ತೆಗೆದುಕೊಂಡು ಹೋದರು. ವಾಪಸು ತಂದುಕೊಟ್ಟಾಗ ಅಪ್ಪನನ್ನು ಅಂಗಳದ ಆಚೆ ಕರೆದು ಮಾತಾಡಿದರು. ಒಳಗೆ ಬಂದ ಅಪ್ಪ ನನ್ನ ಮುಖ ನೋಡಲಿಲ್ಲ. ಮರುವಾರ ಅಮ್ಮ ನನ್ನ ಲಂಗ-ರವಿಕೆಗಳನ್ನು ಒಂದು ಬಟ್ಟೆಯಲ್ಲಿ ಗಂಟು ಕಟ್ಟಿದಳು. "ಅಜ್ಜಿಗೆ ಮೈಯಲ್ಲಿ ಹುಷಾರಿಲ್ಲ. ಸ್ವಲ್ಪ ದಿನ ಹೋಗಿ ಇರು. ಅಲ್ಲೇ ಶಾಲೆಗೆ ಹೋಗ್ಲಿಕ್ಕಾಗ್ತದೆ," ಎಂದಳು. ಜಡೆ ಹಾಕುವಾಗ ಮೂರು ಸಲ ಬಿಚ್ಚಿ ಹೆಣೆದಳು.

ವಾಮಂಜೂರಿನಲ್ಲಿ ಅಜ್ಜಿ ಹುಷಾರಾಗಿಯೇ ಇದ್ದರು, ಗದ್ದೆಯಲ್ಲಿ ನೇಜಿ ನೆಡಿಸುತ್ತಿದ್ದರು. ಮನೆಯಲ್ಲಿ ಸೋದರಮಾವ, ಅವರ ಹೆಂಡತಿ, ಮತ್ತು ತೊಟ್ಟಿಲಲ್ಲಿ ಅವರ ಮಗು. ಹೋದ ದಿನವೇ ನಾನು ಮಗುವನ್ನು ನೋಡಲು ತೊಟ್ಟಿಲಿನ ಹತ್ತಿರ ಹೋದೆ. ಅತ್ತೆ ಅಡುಗೆಕೋಣೆಯಿಂದ ಓಡಿಬಂದರು.

"ಮುಟ್ಬೇಡ! ಅಲ್ಲಿಂದ ಈಚೆ ಬಾ. ತೊಟ್ಟಿಲಿನ ಹತ್ರ ಬರ್ಲಿಕ್ಕಿಲ್ಲ ನೀನು."

ನನ್ನ ಕೈ ಕೊಳೆಯೇನೋ ಎಂದುಕೊಂಡು ತೊಳೆದು ಬಂದೆ. ಅತ್ತೆ ತೊಟ್ಟಿಲನ್ನು ಒಳಕೋಣೆಗೆ ಸಾಗಿಸಿ ಬಾಗಿಲು ಎಳೆದಿದ್ದರು. ಅಜ್ಜಿಯನ್ನು ಕೇಳಿದೆ. ಅಜ್ಜಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ನಿನ್ನ ನಕ್ಷತ್ರ ಹಾಗಂತೆ ಮಗಾ. ಬೆನ್ನಿಗೆ ಬಿದ್ದವರಿಗೆ ಆಗುವುದಿಲ್ಲವಂತೆ. ಅಲ್ಲಿಯ ಮಾಷ್ಟ್ರು ನೋಡಿ ಹೇಳಿದ್ದಂತೆ. ನಿನ್ನ ಅಮ್ಮನ ಈ ಮಗುವಾದ್ರೂ ಉಳೀಲಿ ಅಂತ ನಿನ್ನನ್ನು ಇಲ್ಲಿಗೆ ಕಳಿಸಿದ್ದು. ನೀನೆಂತ ಮಾಡ್ತೀ ಅದಕ್ಕೆ? ಊಟಕ್ಕೆ ಬಾ."

ಒಂಬತ್ತು ವರ್ಷದ ಹುಡುಗಿ ಆ ಮಾತನ್ನು ಏನು ಮಾಡುತ್ತಾಳೆ? ನಂಬುತ್ತಾಳೆ. ನಾನು ನಂಬಿದೆ. ನನ್ನ ಮಡಿಲಲ್ಲಿ ಒಂದು ಗಳಿಗೆ ಮಲಗಿದ್ದ ತಮ್ಮ ಮರುದಿನವೇ ಹಳದಿಯಾಗಿದ್ದ. ಅದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಿರಲಿಲ್ಲ. ಅತ್ತೆಯ ಮಗು ಅತ್ತರೆ ನಾನು ಗದ್ದೆಯ ಹುಣಿಯ ಮೇಲೆ ಓಡುತ್ತಿದ್ದೆ, ಅಳು ಕೇಳದಷ್ಟು ದೂರ. ಅಮ್ಮನ ನೆನಪಾದರೆ ಅವಳ ಮುಖವನ್ನು ಮಾತ್ರ ನೆನೆಯುತ್ತಿದ್ದೆ, ಹೊಟ್ಟೆಯನ್ನಲ್ಲ. ನೆನಪು ಕೂಡ ಅತ್ತಾವರದವರೆಗೆ ಹೋಗಿ ಮುಟ್ಟೀತು ಎಂಬ ಹೆದರಿಕೆ. ಕಡೆಗೆ ಮುಖವನ್ನು ನೆನೆಯುವುದನ್ನೂ ಬಿಟ್ಟೆ. ಶಾಲೆಯಲ್ಲಿ ನನಗಿಂತ ಸಣ್ಣ ಮಕ್ಕಳ ಸಾಲಿನ ಕಡೆ ತಿರುಗುತ್ತಿರಲಿಲ್ಲ. ಮಾಷ್ಟ್ರು ಆಗ ಅತ್ತಾವರದಲ್ಲಿ ಪ್ರತಿ ಶನಿವಾರ ಕಣ್ಣು ಮುಚ್ಚಿ ಭಜನೆ ಹಾಡುತ್ತಿದ್ದರು. ಅವರು ತಮ್ಮ ಒಂದು ಮಾತಿನಿಂದ ಏನು ಮಾಡಿದ್ದಾರೆಂದು ಅವರಿಗೆ ಆಗ ಹೇಳುವವರು ಯಾರೂ ಇರಲಿಲ್ಲ.

ಅಪ್ಪ ಒಂದು ದಿನ ಬಸ್ಸಿಳಿದು ಗದ್ದೆಯ ಹುಣಿಯ ಮೇಲೆ ನಡೆದು ಬಂದರು. ಕೊಡೆಯಿದ್ದರೂ ಬಿಡಿಸಿರಲಿಲ್ಲ, ಮಳೆಗೆ ಪೂರ್ತಿ ತೊಯ್ದಿದ್ದರು. ನಾನು ಅಂಗಳದಲ್ಲೇ ನಿಂತು ಕೇಳಿದೆ, "ತಮ್ಮನಾ, ತಂಗಿಯಾ?"

"ಯಾರೂ ಇಲ್ಲ ಮಗಾ."

"ನಾನು ಇಲ್ಲೇ ಇದ್ದೆ ಅಪ್ಪ. ಅಲ್ಲಿಗೆ ಬರ್ಲೇ ಇಲ್ಲ. ಅಜ್ಜಿಯ ಹತ್ರ ಬೇಕಾದ್ರೆ ಕೇಳಿ."

ಅಪ್ಪ ಒದ್ದೆ ಜಗಲಿಯ ಮೇಲೆ ಕುಕ್ಕರಿಸಿ ಬಿಟ್ಟರು. ದೊಡ್ಡವರೊಬ್ಬರು ಹಾಗೆ ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಅಂದು.

ಈ ಸಲದ ಹೆರಿಗೆ ಅತ್ತಾವರದ ಆಸ್ಪತ್ರೆಯೊಂದರಲ್ಲಿ ಆಗಿತ್ತು. ಮಗು ಹುಟ್ಟುವಾಗಲೇ ಜೀವವಿರಲಿಲ್ಲ, ಮೈಯೆಲ್ಲ ಬಾತುಕೊಂಡಿತ್ತಂತೆ. ಅಲ್ಲಿಯ ಡಾಕ್ಟರಮ್ಮ ಅಪ್ಪನ ರಕ್ತ, ಅಮ್ಮನ ರಕ್ತ ಎರಡನ್ನೂ ತೆಗೆಸಿ ಪರೀಕ್ಷೆ ಮಾಡಿಸಿದರು. ಒಂದಕ್ಕೊಂದು ಹೊಂದುವುದಿಲ್ಲ, ಹೊಟ್ಟೆಯಲ್ಲಿ ಬೆಳೆಯುವ ಮಗುವಿನ ರಕ್ತವನ್ನು ತಾಯಿಯ ರಕ್ತವೇ ಕೊಲ್ಲುತ್ತದೆ, ಇನ್ನು ಮಕ್ಕಳು ಬೇಡ ಎಂದು ಇಬ್ಬರನ್ನೂ ಕೂರಿಸಿ ಹೇಳಿದರು. ಅಮ್ಮ ಅದನ್ನು ಕೇಳಿ ಮೊದಲು ಹೇಳಿದ ಮಾತು, "ನನ್ನ ಮಗಳನ್ನು ಕರ್ಕೊಂಡು ಬನ್ನಿ." ಅಪ್ಪ ವಾಮಂಜೂರಿಗೆ ಬಂದದ್ದು ಅದಕ್ಕೆ.

ನಾನು ಮನೆಗೆ ಬಂದೆ. ಅಮ್ಮನ ಹತ್ತಿರ ಹೋಗಲು ಹೆದರಿ ಬಾಗಿಲಲ್ಲೇ ನಿಂತೆ. "ಬಾ," ಎಂದಳು. ಹೋಗಲಿಲ್ಲ. ಅವಳೇ ಗೋಡೆ ಹಿಡಿದುಕೊಂಡು ಎದ್ದು ಬಂದು ನನ್ನನ್ನು ತಬ್ಬಿದಳು.

ಮೊದಲು ಬಂದವರು ಪಕ್ಕದ ಮನೆಯ ಹುಡುಗನ ತಾಯಿ. ಕುಸುಬಲಕ್ಕಿ ಗಂಜಿಯನ್ನು ಮುಚ್ಚಿ ತಂದಿದ್ದರು. "ಇದೂ ಹುಟ್ಟಿಸಿದವನ ಒಂದು ಪರೀಕ್ಷೆ ಅಕ್ಕಾ," ಎಂದರು.

"ಪರೀಕ್ಷೆ ಯಾರಿಗೆ? ಉಸಿರೂ ಎಳೆಯದ ಮಗುವಿಗಾ?" ಎಂದಳು ಅಮ್ಮ.

ಆ ಹೆಂಗಸು ಗಂಜಿಯ ಪಾತ್ರೆಯನ್ನು ಕೆಳಗಿಟ್ಟು, "ನನಗೆ ಗೊತ್ತಿಲ್ಲ ಅಕ್ಕಾ. ನಮ್ಮಲ್ಲಿ ಹೀಗೆ ಹೇಳುವ ಕ್ರಮ, ಹೇಳಿದೆ," ಎಂದರು. "ನನಗೆ ಗೊತ್ತಿಲ್ಲ" ಎಂಬ ಮಾತನ್ನು ಅಷ್ಟು ವರ್ಷಗಳಲ್ಲಿ ನಮ್ಮ ಚಾವಡಿಯಲ್ಲಿ ಆಡಿದವರು ಅವರೊಬ್ಬರೇ. ಆಸ್ಪತ್ರೆಯಲ್ಲಿ ಒಬ್ಬ ಕ್ರೈಸ್ತ ಸಿಸ್ಟರ್ ಕೂಡ, ದೇವರು ತನ್ನ ತೋಟಕ್ಕೆ ಚಂದದ ಹೂವನ್ನೇ ಕೊಯ್ದುಕೊಳ್ಳುತ್ತಾನೆ ಎಂದು ಸಮಾಧಾನ ಹೇಳಿದ್ದರಂತೆ. ಮೂರು ಧರ್ಮದವರೂ ದೇವರ ಪರವಾಗಿ ಮಾತಾಡಿದರು. ಅಮ್ಮನ ಪರವಾಗಿ ಒಬ್ಬರೂ ಇರಲಿಲ್ಲ.

ಮಾಷ್ಟ್ರೂ ಏಕಾದಶಿಯಕ್ಕನೂ ಒಂದು ಮಧ್ಯಾಹ್ನ ಒಟ್ಟಿಗೆ ಬಂದರು. ಮಾಷ್ಟ್ರಿಗೆ ಕುರ್ಚಿ. ಏಕಾದಶಿಯಕ್ಕ ಚಾಪೆಯಲ್ಲಿ. ಅಮ್ಮ ಗೋಡೆಗೆ ಒರಗಿ ಕೂತಿದ್ದಳು, ನಾನು ಅವಳಿಗೆ ಅಂಟಿಕೊಂಡು. ಅಪ್ಪ ಬಾಗಿಲ ದಾರಂದಕ್ಕೆ ಕೈ ಕೊಟ್ಟು ನಿಂತಿದ್ದರು.

ಮಾಷ್ಟ್ರು ಮೇಲಿನವನ ಇಚ್ಛೆ, ಕರ್ಮ, ಎಲ್ಲ ಹೇಳಿ ಮುಗಿಸಿ ನನ್ನ ಕಡೆ ನೋಡಿದರು. "ಇವಳನ್ನು ಕಳಿಸಿದ್ದು ತಡವಾಯ್ತೋ ಏನೋ. ಮೊದಲ ತಿಂಗಳಲ್ಲೇ ಕಳಿಸ್ಬೇಕಿತ್ತು," ಎಂದರು.

"ಈಗ್ಲೇ ಯಾಕೆ ಕರ್ಕೊಂಡು ಬಂದದ್ದು? ನಿನಗೂ ಮೈ ಸರಿಯಾಗ್ಬೇಕಲ್ಲ," ಎಂದರು ಏಕಾದಶಿಯಕ್ಕ.

ಅಮ್ಮ ನನ್ನ ಹೆಗಲ ಸುತ್ತ ಕೈ ಹಾಕಿದಳು. ಬೆರಳು ನನ್ನ ತೋಳಿನಲ್ಲಿ ಒತ್ತಿ ನೋವಾಯಿತು.

"ಮಾಷ್ಟ್ರೇ, ಒಂದು ಕೇಳ್ತೇನೆ. ದೇವರಿಗೆ ನನ್ನ ಮೇಲೆ ಪ್ರೀತಿಯಾ, ಸಿಟ್ಟಾ?"

"ಅದು ಹಾಗೆ ಕೇಳುವ ವಿಷಯ ಅಲ್ಲಮ್ಮ."

"ನೀವೇ ಹೇಳಿದ್ದು. ಒಮ್ಮೆ ನಾನು ಚಿನ್ನ ಅಂದ್ರಿ. ಒಮ್ಮೆ ಹಿಂದಿನ ಜನ್ಮದ ಪಾಪ ಅಂದ್ರಿ. ಹಾಲು ಕೊಟ್ಟದ್ದು ತಪ್ಪು ಅಂತ ಅಕ್ಕ ಹೇಳಿದ್ರು. ಈಗ ಈ ಮಗುವಿನ ನಕ್ಷತ್ರ. ಯಾವುದು ಸರಿ? ಒಂದನ್ನು ಹಿಡಿದು ಹೇಳಿ. ಡಾಕ್ಟರಮ್ಮ ರಕ್ತ ನೋಡಿ ಒಂದೇ ಮಾತು ಹೇಳಿದ್ದಾರೆ."

"ರಕ್ತ ಕೊಟ್ಟವ ಯಾರಮ್ಮ?" ಮಾಷ್ಟ್ರು ಮೆಲ್ಲನೆ ನಕ್ಕರು. "ಊರಲ್ಲಿ ಇಷ್ಟು ಜನ ಇದ್ದಾರೆ. ನಿಮಗೇ ಯಾಕೆ ಹಾಗಾಯ್ತು? ಅದಕ್ಕೆ ಡಾಕ್ಟರ್ ಹತ್ರ ಉತ್ತರ ಉಂಟಾ?"

"ಇಲ್ಲ. ನಿಮ್ಮ ಹತ್ರ ಉಂಟಾ?" ಅಮ್ಮನ ಸ್ವರ ಏರಿತು. "ಇಲ್ಲದಿದ್ರೆ ಇಲ್ಲ ಅಂತ ಹೇಳಿ. ನನ್ನ ಹೊಟ್ಟೆಯಲ್ಲಿ ಸತ್ತ ಮಗುವಿಗೆ ಬದುಕಿರುವ ಮಗುವನ್ನು ಯಾಕೆ ಕಟ್ತೀರಿ? ನೀವು ಹೇಳಿದ್ರಿ ಅಂತ ಇವಳನ್ನು ಮನೆಯಿಂದ ಹೊರಗೆ ಹಾಕಿದೆ. ಮೂವರನ್ನು ದೇವರು ತೆಗೆದ ಅಂತೀರಲ್ಲ, ನಾಲ್ಕನೆಯದನ್ನು ನೀವು ತೆಗೀತಾ ಇದ್ರಿ. ಎದ್ದೇಳಿ. ಅಕ್ಕಾ, ನೀವೂ ಏಳಿ. ನನ್ನ ಮನೆಗೆ ಇನ್ನು ಸಮಾಧಾನ ಹೇಳ್ಲಿಕ್ಕೆ ಯಾರೂ ಬರುವುದು ಬೇಡ."

ಅಪ್ಪ "ಹಾಗೆಲ್ಲ ಹೇಳ್ಬೇಡ" ಎಂದು ಬಾಯಿ ತೆರೆದರು. ಅಮ್ಮ ಅವರ ಕಡೆ ಒಮ್ಮೆ ತಿರುಗಿದಳು, ಅಷ್ಟೇ. ಅಪ್ಪ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಮಾಷ್ಟ್ರು ಶಾಲು ಸರಿಮಾಡಿಕೊಂಡು ಇಳಿದುಹೋದರು. "ದುಃಖದಲ್ಲಿ ಬಾಯಿಗೆ ಬಂದದ್ದು ಹೇಳ್ತಾಳೆ ಪಾಪ," ಎನ್ನುತ್ತ ಏಕಾದಶಿಯಕ್ಕನೂ ಹೋದರು. ಆ "ಪಾಪ" ಎಂಬ ಮಾತು ನನಗೆ ಇವತ್ತಿಗೂ ಮೈ ಉರಿಸುತ್ತದೆ. ಆ ಚಾವಡಿಯಲ್ಲಿ ಅಂದು ಅಷ್ಟು ಸರಿಯಾಗಿ ಮಾತಾಡಿದವರು ಬೇರೆ ಯಾರೂ ಇರಲಿಲ್ಲ.

ಅಪ್ಪ ಶನಿವಾರದ ಭಜನೆಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಅಮ್ಮ ತಡೆಯಲೂ ಇಲ್ಲ. ಅವಳು ದೇವರಿಗೆ ದೀಪ ಇಡುವುದನ್ನೂ ಬಿಡಲಿಲ್ಲ, ಆದರೆ ದೀಪ ಇಟ್ಟು ನಿಲ್ಲುತ್ತಿರಲಿಲ್ಲ. ಹಚ್ಚಿ, ತಿರುಗಿ, ಕೆಲಸಕ್ಕೆ ಹೋಗಿಬಿಡುತ್ತಿದ್ದಳು.

ಅರುವತ್ತರ ದಶಕ ಮುಗಿಯುತ್ತ ಬಂದಾಗ ನಾನು ಬಲ್ಮಠದಲ್ಲಿ ಕಾಲೇಜು ಓದುತ್ತಿದ್ದೆ. ಪ್ರಾಣಿಶಾಸ್ತ್ರದ ಲೆಕ್ಚರರ್ ಒಂದು ದಿನ ರಕ್ತದ ಗುಂಪುಗಳ ಪಾಠ ಮಾಡಿದರು. ತಾಯಿಯದು ನೆಗೆಟಿವ್, ತಂದೆಯದು ಪಾಸಿಟಿವ್ ಆದರೆ ಏನಾಗಬಹುದೆಂದು ಬೋರ್ಡಿನ ಮೇಲೆ ಬರೆದರು. ಮೊದಲ ಮಗುವಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಅದರ ಹೆರಿಗೆಯಲ್ಲಿ ಮಗುವಿನ ರಕ್ತ ಒಂದಿಷ್ಟು ತಾಯಿಯ ಮೈಗೆ ಸೇರುತ್ತದೆ. ತಾಯಿಯ ಮೈ ಅದನ್ನು ಪರಕೀಯ ಎಂದು ಗುರುತು ಹಿಡಿದು ಅದರ ವಿರುದ್ಧ ಸಜ್ಜಾಗುತ್ತದೆ. ಮುಂದಿನ ಮಕ್ಕಳು ಅದಕ್ಕೆ ಬಲಿ. ಈಗ ಹೊರದೇಶಗಳಲ್ಲಿ ಇದಕ್ಕೊಂದು ಇಂಜೆಕ್ಷನ್ ಬಂದಿದೆ ಎಂದೂ ಹೇಳಿದರು.

ನಾನು ಪೆನ್ನು ಕೆಳಗಿಟ್ಟೆ. ಮನೆಯ ಮೊದಲ ಮಗು ನಾನು. ಹಾಗಾದರೆ ನನ್ನಿಂದಲೇ. ಮಾಷ್ಟ್ರು ಹೇಳಿದ್ದೂ ಅದೇ ಅಲ್ಲವೇ?

ಸಂಜೆ ಮನೆಗೆ ಬಂದಾಗ ಅಮ್ಮ ಹಿತ್ತಲ ಕಲ್ಲಿನ ಮೇಲೆ ಬೂತಾಯಿ ಮೀನು ಶುಚಿ ಮಾಡುತ್ತಿದ್ದಳು. ಕಾಗೆಗಳನ್ನು ಓಡಿಸುತ್ತ ಪಕ್ಕದಲ್ಲಿ ನಿಂತು ಕೇಳಿದೆ.

"ಡಾಕ್ಟರಮ್ಮ ನಿನಗೆ ಎಲ್ಲವನ್ನೂ ಹೇಳಿದ್ರಾ? ಮೊದಲ ಮಗುವಿನ ರಕ್ತದ ವಿಷಯ?"

ಅಮ್ಮ ಕತ್ತಿಯಿಂದ ತಲೆ ಎತ್ತಲಿಲ್ಲ. "ಹೇಳಿದ್ರು. ನಾನೇ ಕೇಳಿದ್ದು. ಮಗಳ ದೆಸೆಯಿಂದ ಹೀಗಾಯ್ತಾ ಅಂತ."

"ಆಮೇಲೆ?"

"ಮಗಳು ಹುಟ್ಟುವಾಗ ನಿನ್ನ ಮೈಯಲ್ಲಿ ಆದದ್ದು ಅಂದ್ರು. ಮಗಳು ಮಾಡಿದ್ದಲ್ಲ ಅಂದ್ರು. ನನಗೆ ಅಷ್ಟು ಅರ್ಥ ಆಯ್ತು."

"ಮಾಷ್ಟ್ರು ಹೇಳಿದ್ದೂ ಹೆಚ್ಚುಕಡಿಮೆ ಅದೇ ಅಲ್ವಾ ಅಮ್ಮ?"

ಆಗ ಅವಳು ಕತ್ತಿ ಬದಿಗಿಟ್ಟಳು. ಕೈಯೆಲ್ಲ ಮೀನಿನ ಸಿಪ್ಪೆ. "ಅದೇ ಅಲ್ಲ. ನೀನು ಬಂದ ದಾರಿ ಆಮೇಲೆ ಕೆಟ್ಟಿತು. ದಾರಿ ಕೆಟ್ರೆ ಮೊದಲು ನಡೆದವರ ಮೇಲೆ ಕೇಸು ಹಾಕ್ತಾರಾ? ಡಾಕ್ಟರಮ್ಮ ಹೇಳಿದ ಮೇಲೆ ನಿನ್ನನ್ನು ಕರ್ಕೊಂಡು ಬರ್ಬೇಕು ಅಂತ ಆಯ್ತು ನನಗೆ. ಮಾಷ್ಟ್ರು ಹೇಳಿದಾಗ ಕಳಿಸ್ಬೇಕು ಅಂತ ಆಗಿತ್ತು. ವ್ಯತ್ಯಾಸ ಅಷ್ಟೇ. ಇಷ್ಟು ಓದಿದವಳು, ನಿನಗೆ ಗೊತ್ತಾಗುವುದಿಲ್ವಾ?"

ಗೊತ್ತಾಯಿತು. ಆದರೆ ಅದರಿಂದ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಹಿಂದಿನ ಜನ್ಮದ ಪಾಪಕ್ಕೆ ಇಂಜೆಕ್ಷನ್ ಇರುತ್ತದೆಯೇ? ಗ್ರಹಗತಿಗೆ ಇರುತ್ತದೆಯೇ? ಒಳ್ಳೆಯವರಿಗೆ ಯಾಕೆ ಹೀಗಾಗುತ್ತದೆ ಎಂಬುದು ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿ, ಅದಕ್ಕೊಬ್ಬ ಅಪರಾಧಿಯನ್ನು ಹುಡುಕಿ, ಅವಳು ಒಂಬತ್ತು ವರ್ಷದವಳಾದರೂ ಸರಿ, ಬೆರಳು ತೋರಿಸುವವರಿಗೆ ಭಕ್ತರೆಂದು ಹೇಗೆ ಹೆಸರು ಬರುತ್ತದೆ ಎಂಬುದು ಇನ್ನೂ ಗೊತ್ತಿಲ್ಲ.

ಅದೇ ವರ್ಷ ಮಾಷ್ಟ್ರು ತೀರಿಕೊಂಡರು. ಬಹಳ ನರಳಿದರು. ಕೊನೆಗೆ ಹಾಸಿಗೆಯಲ್ಲಿ, "ನಾನು ಯಾರಿಗೆ ಏನು ಅನ್ಯಾಯ ಮಾಡಿದ್ದೆ?" ಎಂದು ಕೇಳುತ್ತಿದ್ದರಂತೆ. ಅಪ್ಪ ಕಣ್ಣೊರೆಸಿಕೊಂಡು ಹೇಳಿದರು. ನನ್ನ ಬಾಯಿಯ ತುದಿಗೆ ಬಂದ ಉತ್ತರವನ್ನು ಅಪ್ಪನ ಮುಖ ನೋಡಿ ನುಂಗಿದೆ. ಅಮ್ಮ ಗಂಜಿ ಬೇಯಿಸಿ ಪಾತ್ರೆಗೆ ಹಾಕಿ ಬಟ್ಟೆ ಕಟ್ಟಿದಳು. ಅಷ್ಟು ವರ್ಷ ಮಾಷ್ಟ್ರ ಮನೆಯ ಮೆಟ್ಟಿಲು ಹತ್ತಿರಲಿಲ್ಲ ಅವಳು.

"ಅವರ ಹೆಂಡತಿ ಬೆಳಗ್ಗಿನಿಂದ ಏನೂ ತಿನ್ಲಿಲ್ಲವಂತೆ. ಬರ್ತೀಯಾ?" ಎಂದಳು.

"ಇಲ್ಲ," ಎಂದೆ.

ಒತ್ತಾಯ ಮಾಡಲಿಲ್ಲ. ಪಾತ್ರೆ ಸೊಂಟಕ್ಕಿಟ್ಟುಕೊಂಡು ಹೊರಟಳು. ಅಲ್ಲಿ ಅವಳು ಯಾರಿಗೂ ಏನೂ ಹೇಳಲಿಲ್ಲವಂತೆ. ಆ ಹೆಂಗಸಿಗೆ ಉಣಿಸಿ, ಪಾತ್ರೆ ತೊಳೆದು, ಕತ್ತಲಾಗುವ ಮೊದಲು ಮನೆಗೆ ಬಂದಳು. ನಾನು ಅಂದು ಹೋಗಲಿಲ್ಲ. ಇಂದು ಕರೆದಿದ್ದರೂ ಹೋಗುತ್ತಿರಲಿಲ್ಲ.